ಮನೆಗೊಂದು ಬಿಸಿಗಾಳಿ ಪಾಪ್‌ಕಾರ್ನ್ ಯಂತ್ರ: ಕಡಿಮೆ ಬೆಲೆಯಲ್ಲಿ ಸರಿಯಾದ ಆಯ್ಕೆ ಹೇಗೆ?

ವಾರಾಂತ್ಯದ ಸಂಜೆ ಮನೆಮಂದಿಯೆಲ್ಲ ಒಟ್ಟಾಗಿ ಕುಳಿತು ಚಲನಚಿತ್ರ ನೋಡುವ ರೂಢಿ ನಗರಗಳಲ್ಲಿ ಈಗ ಬೇರೂರಿದೆ. ಚಿತ್ರಮಂದಿರಕ್ಕೆ ಹೋದರೆ ಟಿಕೆಟ್‌ನಷ್ಟೇ ಹಣವನ್ನು ಪಾಪ್‌ಕಾರ್ನ್‌ಗೂ ತೆರಬೇಕಾದೀತು ಎಂಬುದು ಬಹುತೇಕ ಕುಟುಂಬಗಳ ದೂರು. ಹೊರಗಿನ ತಿನಿಸನ್ನು ಒಳಗೆ ಒಯ್ಯದಂತೆ ತಡೆಯುವ ಹಕ್ಕು ಚಿತ್ರಮಂದಿರದ ಮಾಲೀಕರಿಗೆ ಇದೆ ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಆ ದೂರಿಗೆ ಪರಿಹಾರದ ದಾರಿಯೂ ಕಿರಿದಾಯಿತು. ಹೀಗಾಗಿ ಮನೆಯಲ್ಲೇ ಪಾಪ್‌ಕಾರ್ನ್ ಮಾಡಿಕೊಳ್ಳುವತ್ತ ಅನೇಕರ ಮನಸ್ಸು ಹೊರಳಿದೆ.

ಈ ಬೇಡಿಕೆಯನ್ನು ಗುರುತಿಸಿರುವ ಮಾರುಕಟ್ಟೆಯಲ್ಲಿ ಈಗ ಬಿಸಿಗಾಳಿಯ ಪಾಪ್‌ಕಾರ್ನ್ ಯಂತ್ರಗಳು ಸಾಲುಗಟ್ಟಿವೆ. ಸಾಮಾನ್ಯವಾಗಿ ಒಂದು ಸಾವಿರದಿಂದ ಎರಡೂವರೆ ಸಾವಿರ ರೂಪಾಯಿಯೊಳಗೆ ಇವು ದೊರೆಯುತ್ತವೆ. ಹೊರನೋಟಕ್ಕೆ ಎಲ್ಲವೂ ಒಂದೇ ಬಗೆ. ಆದರೆ ಒಳಗಿನ ರಚನೆ, ಸುರಕ್ಷತೆ, ಬಾಳಿಕೆಗಳಲ್ಲಿ ಅಜಗಜಾಂತರವಿದೆ. ಬಣ್ಣ ನೋಡಿ ಕೊಂಡು, ನಾಲ್ಕಾರು ಬಾರಿ ಬಳಸಿ, ಕೊನೆಗೆ ಅಟ್ಟ ಸೇರಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ಕಾಳು ಬಿರಿಯುವುದು ಹೇಗೆ?

ಯಂತ್ರದ ಗುಣದೋಷ ಅರಿಯಬೇಕಾದರೆ ಮೊದಲು ಕಾಳಿನ ಗುಣ ಅರಿಯಬೇಕು. ಹಳೆ ಮೈಸೂರು ಭಾಗದಲ್ಲಿ ಮುಸುಕಿನ ಜೋಳ, ಉತ್ತರ ಕರ್ನಾಟಕದಲ್ಲಿ ಗೋವಿನಜೋಳ, ಉಳಿದೆಡೆ ಮೆಕ್ಕೆಜೋಳ ಎಂದು ಕರೆಯಲಾಗುವ ಬೆಳೆಯ ಒಂದು ವಿಶೇಷ ಪ್ರಭೇದವೇ ಪಾಪ್‌ಕಾರ್ನ್. ಇದರ ಹೊರಸಿಪ್ಪೆ ಗಟ್ಟಿಯಾಗಿದ್ದು, ಒಳಗಿನ ಹಬೆಯನ್ನು ಸುಲಭವಾಗಿ ಹೊರಬಿಡುವುದಿಲ್ಲ. ಕಾಳಿನಲ್ಲಿ ಶೇ. 14ರ ಆಸುಪಾಸು ತೇವಾಂಶ ಇರುತ್ತದೆ. ಕಾಳು ಕಾದಂತೆ ಆ ನೀರು ಹಬೆಯಾಗಲು ಹವಣಿಸುತ್ತದೆ. ಒಳಗಿನ ಪಿಷ್ಟ ಮೆತ್ತಗಾಗುತ್ತದೆ. ಉಷ್ಣತೆ 180 ಡಿಗ್ರಿ ಸೆಲ್ಸಿಯಸ್ ತಲುಪುವ ಹೊತ್ತಿಗೆ ಒಳಗಿನ ಒತ್ತಡ ವಾತಾವರಣದ ಒತ್ತಡದ ಸುಮಾರು ಒಂಬತ್ತು ಪಟ್ಟಾಗಿ ಸಿಪ್ಪೆ ಸಿಡಿಯುತ್ತದೆ. ಪಿಷ್ಟ ನೊರೆಯಂತೆ ಉಬ್ಬಿ, ಹೊರಗಿನ ಗಾಳಿಗೆ ತಣಿದು, ಬಿಳಿಯ ಹೂವಾಗಿ ನಿಲ್ಲುತ್ತದೆ.

ಈ ಉಷ್ಣತೆಯ ಲೆಕ್ಕ ಎಷ್ಟು ನಿಖರವಾಗಿದೆ ಎಂಬುದನ್ನು ಫ್ರಾನ್ಸ್‌ನ ಇಬ್ಬರು ಸಂಶೋಧಕರು 2015ರಲ್ಲಿ ತೋರಿಸಿಕೊಟ್ಟರು. 170 ಡಿಗ್ರಿಯಲ್ಲಿ ಶೇ. 34ರಷ್ಟು ಕಾಳುಗಳು ಮಾತ್ರ ಬಿರಿದರೆ, 180 ಡಿಗ್ರಿಯಲ್ಲಿ ಶೇ. 96ರಷ್ಟು ಬಿರಿದವು. ಹತ್ತೇ ಡಿಗ್ರಿಗಳ ಅಂತರ! ಯಂತ್ರದ ಕಾವು ತುಸು ಕಡಿಮೆಯಾದರೂ ತಟ್ಟೆಯ ತುಂಬ ಬಿರಿಯದ ಕಾಳುಗಳೇ ಉಳಿಯುವುದು ಏಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ.

ಬಿಸಿಯಾದ ಮರಳಿನಲ್ಲಿ ಧಾನ್ಯ ಹುರಿದು ಅರಳಿಸುವ ವಿದ್ಯೆ ಕನ್ನಡಿಗರಿಗೆ ಹೊಸದಲ್ಲ. ನಾಗರ ಪಂಚಮಿಗೆ ಉತ್ತರ ಕರ್ನಾಟಕದ ಮನೆಗಳಲ್ಲಿ ಸಿದ್ಧವಾಗುವ ಜೋಳದ ಅಳ್ಳು, ಭಟ್ಟಿಗಳಲ್ಲಿ ತಯಾರಾಗುವ ಮಂಡಕ್ಕಿ ಇವೆಲ್ಲಕ್ಕೂ ಕಾವೇ ಮೂಲ. ಮರಳು ಮಾಡುವ ಕೆಲಸವನ್ನು ಈ ಯಂತ್ರದಲ್ಲಿ ಗಾಳಿ ಮಾಡುತ್ತದೆ, ಅಷ್ಟೆ.

ಯಂತ್ರದ ಹಿನ್ನೆಲೆ

ಪಾಪ್‌ಕಾರ್ನ್ ತಿನ್ನುವ ಅಭ್ಯಾಸ ಬಹಳ ಪುರಾತನವಾದುದು. ಪೆರು ದೇಶದ ಕರಾವಳಿಯಲ್ಲಿ ದೊರೆತ ಅವಶೇಷಗಳು ಅಲ್ಲಿನ ಜನ ಸುಮಾರು 6,700 ವರ್ಷಗಳ ಹಿಂದೆಯೇ ಇದನ್ನು ಬಲ್ಲವರಾಗಿದ್ದರು ಎಂಬುದಕ್ಕೆ ಸಾಕ್ಷ್ಯ ನುಡಿಯುತ್ತವೆ. ಯಂತ್ರದ ಚರಿತ್ರೆ ಮಾತ್ರ ಇತ್ತೀಚಿನದು. ಅಮೆರಿಕದ ಶಿಕಾಗೊದಲ್ಲಿ ಚಾರ್ಲ್ಸ್ ಕ್ರೆಟರ್ಸ್ 19ನೇ ಶತಮಾನದ ಕೊನೆಯಲ್ಲಿ ಹಬೆಯಿಂದ ಓಡುವ ಯಂತ್ರ ರೂಪಿಸಿ, 1893ರ ವಿಶ್ವ ಪ್ರದರ್ಶನದಲ್ಲಿ ಜನರ ಮುಂದಿಟ್ಟರು. ಅದು ಎಣ್ಣೆಯಲ್ಲಿ ಹುರಿಯುವ, ಬೀದಿ ವ್ಯಾಪಾರಕ್ಕೆ ತಕ್ಕ ಯಂತ್ರವಾಗಿತ್ತು. ಎಣ್ಣೆಯೇ ಇಲ್ಲದೆ ಬರೀ ಬಿಸಿಗಾಳಿಯಲ್ಲಿ ಕಾಳು ಅರಳಿಸುವ ಗೃಹಬಳಕೆಯ ಯಂತ್ರವನ್ನು ಅಮೆರಿಕದ್ದೇ ಆದ ನ್ಯಾಷನಲ್ ಪ್ರೆಸ್ಟೊ ಕಂಪನಿ 1978ರಲ್ಲಿ ಮಾರುಕಟ್ಟೆಗೆ ತಂದಿತು. ಇಂದು ಕಾಣಸಿಗುವ ಬಹುತೇಕ ಯಂತ್ರಗಳ ಮೂಲ ವಿನ್ಯಾಸ ಅಂದಿನಿಂದ ಹೆಚ್ಚೇನೂ ಬದಲಾಗಿಲ್ಲ.

ಒಳಗೇನಿದೆ?

ತಲೆಗೂದಲು ಒಣಗಿಸುವ ಡ್ರೈಯರ್ ಬಲ್ಲವರಿಗೆ ಇದರ ಒಳಗುಟ್ಟು ಬೇಗ ಅರ್ಥವಾಗುತ್ತದೆ. ಕೆಳಗೊಂದು ಪುಟ್ಟ ಮೋಟಾರು ಹಾಗೂ ಫ್ಯಾನ್, ಅದರ ಮೇಲೆ ಕಾಯುವ ಕಾಯಿಲ್, ನಡುವೆ ಕಾಳು ತುಂಬುವ ಲೋಹದ ಕೊಳವೆ. ಫ್ಯಾನ್ ಎಳೆದುಕೊಂಡ ಗಾಳಿ ಕಾಯಿಲ್ ಮೂಲಕ ಹಾಯ್ದು ಬಿಸಿಯಾಗಿ ಕೊಳವೆಗೆ ನುಗ್ಗುತ್ತದೆ. ಕಾಳುಗಳನ್ನು ತಿರುಗಿಸುತ್ತಲೇ ಕಾಯಿಸುತ್ತದೆ. ಬಿರಿದ ಕಾಳು ಹಗುರವಾಗಿ ಮೇಲೆದ್ದು, ಮುಚ್ಚಳದ ಬಾಯಿಂದ ಹೊರಗಿನ ಪಾತ್ರೆಗೆ ತಾನಾಗಿ ಬೀಳುತ್ತದೆ. ಬಿರಿಯದ ಕಾಳು ಭಾರವಿರುವ ಕಾರಣ ಒಳಗೇ ಉಳಿಯುತ್ತದೆ. ಬೇರೆ ಯಾವ ಚಾಲನಾ ಭಾಗವೂ ಇಲ್ಲ. ಯಂತ್ರ ಅಗ್ಗವಾಗಿ ಸಿಗಲು ಈ ಸರಳತೆಯೇ ಕಾರಣ.

ಈ ಕ್ರಮದಲ್ಲಿ ಗಾಳಿಯ ವೇಗಕ್ಕೂ ಕಾವಿಗೂ ಹೊಂದಾಣಿಕೆ ಇರಬೇಕು. ಗಾಳಿ ಜೋರಾಗಿ ಕಾವು ಕಡಿಮೆಯಾದರೆ ಕಾಳು ಬಿರಿಯುವ ಮೊದಲೇ ಹೊರಗೆ ಹಾರುತ್ತದೆ. ಕಾವು ಹೆಚ್ಚಾಗಿ ಗಾಳಿ ಮಂದವಾದರೆ ತಳದ ಕಾಳು ಸೀದು ಕರಕಲಾಗುತ್ತದೆ. ಅಗ್ಗದ ಯಂತ್ರಗಳಲ್ಲಿ ಸೋಲು ಕಾಣುವುದು ಸಾಮಾನ್ಯವಾಗಿ ಈ ಹೊಂದಾಣಿಕೆಯಲ್ಲೇ.

ಗಮನಿಸಬೇಕಾದ ಅಂಶಗಳು

1. ಗಾಳಿಯ ಕಿಂಡಿ: ಮುಚ್ಚಳ ತೆಗೆದು ಕೊಳವೆಯೊಳಗೆ ಇಣುಕಿ ನೋಡಬೇಕು. ಗಾಳಿಯ ಕಿಂಡಿಗಳು ಪಕ್ಕದ ಗೋಡೆಯಲ್ಲಿ ಓರೆಯಾಗಿ ಇದ್ದರೆ ಗಾಳಿ ಸುಳಿಯಂತೆ ತಿರುಗಿ ಕಾಳುಗಳನ್ನು ಸಮನಾಗಿ ಹುರಿಯುತ್ತದೆ. ತಳದಲ್ಲಿ ಜರಡಿಯಂಥ ಜಾಲರಿ ಇರುವ ಯಂತ್ರಗಳಲ್ಲಿ ಹೊಟ್ಟು, ಕಾಳಿನ ಚೂರುಗಳು ಕೆಳಗಿಳಿದು ಕಾಯಿಲ್ ತಲುಪುವ ಸಂಭವವಿದೆ. ಆಗ ಸುಟ್ಟ ವಾಸನೆಯಿಂದ ಹಿಡಿದು ಕಿಡಿಯವರೆಗೆ ಏನೂ ಆಗಬಹುದು. ಬೆಲೆ ಒಂದೇ ಆಗಿದ್ದರೆ ಓರೆ ಕಿಂಡಿಯ ಯಂತ್ರವೇ ಲೇಸು.

2. ವ್ಯಾಟ್: ಗೃಹಬಳಕೆಯ ಯಂತ್ರಗಳು ಸಾಮಾನ್ಯವಾಗಿ 1,200 ವ್ಯಾಟ್ ಆಸುಪಾಸಿನವು. ನಮ್ಮ 230 ವೋಲ್ಟ್ ವ್ಯವಸ್ಥೆಯಲ್ಲಿ ಇದು ಎಳೆಯುವ ವಿದ್ಯುತ್ ಸುಮಾರು 5.2 ಆಂಪಿಯರ್. ಅಂದರೆ ಮನೆಯ ಸಾಮಾನ್ಯ 6 ಆಂಪಿಯರ್ ಸಾಕೆಟ್ಟಿನ ಮಿತಿಯ ಅಂಚಿಗೇ ಬಂದಂತಾಯಿತು. 1,400 ವ್ಯಾಟ್ ಮೀರಿದರೆ 16 ಆಂಪಿಯರ್ ಸಾಕೆಟ್ ಬೇಕೇಬೇಕು. ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಸಿಕ್ಕಿಸಿ, ಅದೇ ಬಾಕ್ಸ್‌ನಲ್ಲಿ ಟೀವಿಯನ್ನೂ ಓಡಿಸುವುದು ಅಪಾಯಕ್ಕೆ ಆಹ್ವಾನವಿತ್ತಂತೆ. ಗೋಡೆಯ ಸಾಕೆಟ್ಟಿಗೆ ನೇರವಾಗಿ ಜೋಡಿಸುವುದೇ ಕ್ರಮ.

3. ಅಳತೆ: ಅಗ್ಗದ ಯಂತ್ರಗಳ ಸಾಮರ್ಥ್ಯ ಒಂದು ಸರದಿಗೆ 50ರಿಂದ 60 ಗ್ರಾಂ ಕಾಳು. ಅಷ್ಟರಿಂದ ಒಂದೂವರೆಯಿಂದ ಎರಡು ಲೀಟರ್ ಪಾತ್ರೆ ತುಂಬುತ್ತದೆ. ಮೂರ್ನಾಲ್ಕು ಜನರ ಕುಟುಂಬಕ್ಕೆ ಇಷ್ಟು ಸಾಲುತ್ತದೆ. ನೂರು ಗ್ರಾಂ ಹಿಡಿಯುವ ದೊಡ್ಡ ಯಂತ್ರಕ್ಕೆ ಹೆಚ್ಚು ಹಣ ತೆರುವ ಮುನ್ನ, ಅಷ್ಟು ತಿನ್ನುವವರು ಮನೆಯಲ್ಲಿದ್ದಾರೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

4. ಕಾವಿನ ಕಾವಲು: ಕಾವು ಮಿತಿ ಮೀರಿದಾಗ ವಿದ್ಯುತ್ ಕಡಿದುಹಾಕುವ ಥರ್ಮೋಸ್ಟಾಟ್ ಹಾಗೂ ಥರ್ಮಲ್ ಫ್ಯೂಸ್ ಇವೆಯೇ ಎಂಬುದನ್ನು ಕೈಪಿಡಿಯಲ್ಲಿ ನೋಡಬೇಕು. ಫ್ಯಾನ್ ಕೆಟ್ಟು ಕಾಯಿಲ್ ಮಾತ್ರ ಕಾಯುವ ಸಂದರ್ಭದಲ್ಲಿ ಮನೆಯನ್ನು ಕಾಯುವುದು ಇವೇ. ಕೈಪಿಡಿಯಲ್ಲಿ ಇವುಗಳ ಪ್ರಸ್ತಾಪವೇ ಇಲ್ಲದ ಯಂತ್ರವನ್ನು ಎಷ್ಟು ಅಗ್ಗವಾದರೂ ಬಿಡುವುದು ಜಾಣತನ.

5. ಸ್ವಿಚ್: ಕೆಲವು ಯಂತ್ರಗಳಿಗೆ ತಮ್ಮದೇ ಆದ ಸ್ವಿಚ್ ಇರುವುದಿಲ್ಲ, ಪ್ಲಗ್ ಹಾಕಿದೊಡನೆ ಓಡತೊಡಗುತ್ತವೆ. ಮಕ್ಕಳಿರುವ ಮನೆಗೆ ಪ್ರತ್ಯೇಕ ಸ್ವಿಚ್ ಇರುವುದು ಅಗತ್ಯ.

6. ಮುಚ್ಚಳ ಮತ್ತು ಬಾಯಿ: ಬಾಯಿ ತೀರಾ ಗಿಡ್ಡವಾಗಿದ್ದರೆ ಬಿಸಿ ಕಾಳು ಅಡುಗೆಕಟ್ಟೆಯ ಉದ್ದಗಲಕ್ಕೂ ಹಾರುತ್ತದೆ. ಬಾಯಿ ಕೆಳಮುಖವಾಗಿ ಆಳವಾಗಿರಬೇಕು. ಮುಚ್ಚಳ ಭದ್ರವಾಗಿ ಕೂರಬೇಕು. ಸಡಿಲವಾದ ಮುಚ್ಚಳ ಗಾಳಿಯ ರಭಸಕ್ಕೆ ಮೇಲೇಳುತ್ತದೆ. ಮೊದಲ ಬಳಕೆಯಲ್ಲೇ ಪ್ಲಾಸ್ಟಿಕ್ ಕರಗಿದಂಥ ವಾಸನೆ ಬಂದು, ಎರಡು ಮೂರು ಸರದಿಗಳ ನಂತರವೂ ಹೋಗದಿದ್ದರೆ ಯಂತ್ರವನ್ನು ಹಿಂದಿರುಗಿಸುವುದೇ ಸರಿ.

7. ಸದ್ದು: ಮಿಕ್ಸಿಯಷ್ಟಲ್ಲದಿದ್ದರೂ ಡ್ರೈಯರ್‌ನಷ್ಟು ಸದ್ದು ಇದ್ದೇ ಇರುತ್ತದೆ. ಮೂರು ನಿಮಿಷದ ಮಾತಾದುದರಿಂದ ಸದ್ದಿಗಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ.

ಮುದ್ರೆ, ವಿಳಾಸ, ರಸೀದಿ

ಗೃಹಬಳಕೆಯ ವಿದ್ಯುತ್ ಉಪಕರಣಗಳ ಸುರಕ್ಷತೆಗೆ ಭಾರತೀಯ ಮಾನಕ ಸಂಸ್ಥೆ ಐಎಸ್ 302 ಎಂಬ ಮಾನದಂಡ ಮಾಲಿಕೆಯನ್ನು ರೂಪಿಸಿದೆ. ಪೆಟ್ಟಿಗೆಯ ಮೇಲೆ ಐಎಸ್‌ಐ ಮುದ್ರೆ ಕಂಡರೆ ಅದರೊಂದಿಗಿನ ಪರವಾನಗಿ ಸಂಖ್ಯೆಯನ್ನು ಸಂಸ್ಥೆಯ ‘ಬಿಐಎಸ್ ಕೇರ್’ ಮೊಬೈಲ್ ತಂತ್ರಾಂಶದಲ್ಲಿ ತಾಳೆ ನೋಡಬಹುದು. ಮುದ್ರೆಯನ್ನು ಮುದ್ರಿಸುವುದು ಯಾರಿಗೂ ಕಷ್ಟವಲ್ಲ. ಸಂಖ್ಯೆ ತಾಳೆಯಾದರೆ ಮಾತ್ರ ಅದಕ್ಕೆ ಬೆಲೆ.

ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆ, ತಯಾರಕರ ಅಥವಾ ಆಮದುದಾರರ ಹೆಸರು ಮತ್ತು ವಿಳಾಸ, ಗ್ರಾಹಕರ ದೂರಿಗೆ ಸಂಪರ್ಕ ವಿವರ ಇರಬೇಕೆಂದು ಕಾನೂನು ಮಾಪನಶಾಸ್ತ್ರದ 2011ರ ನಿಯಮಗಳು ವಿಧಿಸುತ್ತವೆ. ಆಮದು ಮಾಡಿದ ವಸ್ತುವಾದರೆ ತಯಾರಾದ ದೇಶದ ಹೆಸರೂ ಬೇಕು. ಒಂದೇ ಅಚ್ಚಿನ ಯಂತ್ರ ಹಲವು ಹೆಸರುಗಳಲ್ಲಿ ಬಿಕರಿಯಾಗುವ ಈ ವ್ಯಾಪಾರದಲ್ಲಿ ಹೆಸರಿಗಿಂತ ವಿಳಾಸ ಮುಖ್ಯ. ಕೆಟ್ಟಾಗ ಹೊಣೆ ಹೊರುವವರು ಯಾರು ಎಂಬುದು ತಿಳಿಯುವುದು ಅಲ್ಲಿಂದಲೇ.

ಅಂಗಡಿಯಲ್ಲಾಗಲಿ ಅಂತರಜಾಲದಲ್ಲಾಗಲಿ ಕೊಂಡಾಗ ರಸೀದಿ ಹಾಗೂ ವಾರಂಟಿ ಚೀಟಿಯನ್ನು ಕಾದಿಡಬೇಕು. ಮಾರಾಟಗಾರರು ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಒಂದೂವರೆ ಸಾವಿರದ ವಸ್ತುವಿಗೆ ಇಷ್ಟೆಲ್ಲ ಏಕೆ ಎಂದು ಸುಮ್ಮನಾಗುವವರೇ ಹೆಚ್ಚು. ಕಳಪೆ ಮಾಲಿಗೆ ದೊರೆಯುವ ದೊಡ್ಡ ಆಸರೆ ಆ ಮೌನವೇ.

ಅಮೆರಿಕದಿಂದ ಬಂದ ಉಡುಗೊರೆ

ವಿದೇಶದಲ್ಲಿ ನೆಲೆಸಿದ ಮಕ್ಕಳು ಊರಿಗೆ ಬರುವಾಗ ಇಂಥ ಯಂತ್ರಗಳನ್ನು ತರುವುದುಂಟು. ಅಮೆರಿಕದ ಯಂತ್ರ ಅಲ್ಲಿನ 120 ವೋಲ್ಟ್‌ಗೆ ತಕ್ಕಂತೆ ಮಾಡಿದ್ದು. ಅಲ್ಲಿ 1,440 ವ್ಯಾಟ್ ಎಳೆಯುವ ಕಾಯಿಲ್ ಅನ್ನು ಇಲ್ಲಿನ 230 ವೋಲ್ಟ್‌ಗೆ ನೇರವಾಗಿ ಜೋಡಿಸಿದರೆ ಐದು ಸಾವಿರ ವ್ಯಾಟ್ ಮೀರಿದ ಹೊರೆ ಅದರ ಮೇಲೆ ಬೀಳುತ್ತದೆ. ಕ್ಷಣಾರ್ಧದಲ್ಲಿ ಯಂತ್ರ ಸುಟ್ಟುಹೋಗುವುದಷ್ಟೇ ಅಲ್ಲ, ಬೆಂಕಿಯ ಅಪಾಯವೂ ಇದೆ. ಪ್ರಯಾಣಿಕರು ಬಳಸುವ ಪಿನ್ ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆಯೇ ಹೊರತು ವೋಲ್ಟೇಜ್ ಇಳಿಸುವುದಿಲ್ಲ ಎಂಬುದನ್ನು ಮರೆಯಬಾರದು. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಕೊಳ್ಳಲು ಹೋದರೆ ಮೂಗಿಗಿಂತ ಮೂಗುತಿ ಭಾರವಾದೀತು. ಬ್ರಿಟನ್, ಕೊಲ್ಲಿ ರಾಷ್ಟ್ರಗಳು ಮುಂತಾದೆಡೆಯಿಂದ ತರುವ ಯಂತ್ರಗಳ ಮೇಲೂ ವೋಲ್ಟೇಜ್ ಎಷ್ಟೆಂದು ಓದಿಯೇ ಬಳಸಬೇಕು.

ವೋಲ್ಟೇಜ್ ಕುಸಿದರೆ?

ಇದಕ್ಕೆ ವಿರುದ್ಧವಾದ ತೊಂದರೆ ವೋಲ್ಟೇಜ್ ಇಳಿಯುವ ಬಡಾವಣೆಗಳಲ್ಲಿ, ಪಟ್ಟಣಗಳ ಅಂಚಿನಲ್ಲಿ ಕಾಣುತ್ತದೆ. ವೋಲ್ಟೇಜ್ 230ರಿಂದ 190ಕ್ಕೆ ಇಳಿದರೆ 1,200 ವ್ಯಾಟ್‌ನ ಕಾಯಿಲ್ ನೀಡುವ ಕಾವು ಸುಮಾರು 820 ವ್ಯಾಟ್‌ಗೆ ಕುಸಿಯುತ್ತದೆ. ಮೂರನೇ ಒಂದು ಭಾಗದಷ್ಟು ಕಾವು ಕಾಣೆ! 180 ಡಿಗ್ರಿ ತಲುಪಲಾಗದೆ ಕಾಳುಗಳು ಒಣಗಿ ಗಟ್ಟಿಯಾಗುತ್ತವೆ. ಯಂತ್ರ ಸರಿಯಿಲ್ಲ ಎಂದು ಹಿಂದಿರುಗಿಸುವ ಮೊದಲು ವೋಲ್ಟೇಜ್ ಸ್ಥಿರವಾಗಿರುವ ಹೊತ್ತಿನಲ್ಲಿ ಒಮ್ಮೆ ಪರೀಕ್ಷಿಸುವುದು ನ್ಯಾಯ. ವಿದ್ಯುತ್ ಹೋದಾಗ ಮನೆಯ ಸಾಧಾರಣ ಇನ್ವರ್ಟರ್ ಮೇಲೆ ಈ ಯಂತ್ರ ಓಡಿಸುವ ಪ್ರಯತ್ನ ಸಲ್ಲದು. ದೀಪ, ಫ್ಯಾನುಗಳಿಗೆಂದು ಹಾಕಿಸಿದ ಇನ್ವರ್ಟರ್ 1,200 ವ್ಯಾಟ್ ಹೊರಲಾರದು.

ಕಾಳಿನ ಆಯ್ಕೆಯೂ ಮುಖ್ಯ

ಮೆಕ್ಕೆಜೋಳ ಬೆಳೆಯುವುದರಲ್ಲಿ ಕರ್ನಾಟಕ ದೇಶದ ಮುಂಚೂಣಿಯಲ್ಲಿದೆ. ದಾವಣಗೆರೆ, ಹಾವೇರಿ ಜಿಲ್ಲೆಗಳ ಹೊಲಗಳಲ್ಲಿ ಕಣ್ಣು ಹಾಯಿಸಿದಷ್ಟು ದೂರ ಇದೇ ಬೆಳೆ. ಹಾಗೆಂದು ಆ ಕಾಳನ್ನು ತಂದು ಯಂತ್ರಕ್ಕೆ ಸುರಿದರೆ ನಿರಾಸೆ ಖಚಿತ. ಕೋಳಿ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗಳಿಗೆ ಹೋಗುವ ಆ ತಳಿಗಳ ಸಿಪ್ಪೆ ಒತ್ತಡ ತಡೆಯುವುದಿಲ್ಲ. ಕಾಳು ಸೀಳು ಬಿಟ್ಟು ಹುರಿಗಾಳಾಗುತ್ತದೆಯೇ ವಿನಾ ಅರಳುವುದಿಲ್ಲ. ದಿನಸಿ ಅಂಗಡಿಯಲ್ಲಿ ‘ಪಾಪ್‌ಕಾರ್ನ್ ಕಾಳು’ ಎಂದೇ ಕೇಳಿ ಪಡೆಯಬೇಕು. ಕಿಲೋಗೆ ಸುಮಾರು 150ರಿಂದ 250 ರೂಪಾಯಿವರೆಗೆ ಬೆಲೆಯಿದೆ.

ಇನ್ನೊಂದು ಎಚ್ಚರಿಕೆ: ಕುಕ್ಕರ್‌ನಲ್ಲಿ ಮಾಡಲೆಂದು ಎಣ್ಣೆ, ಉಪ್ಪು, ಮಸಾಲೆ ಬೆರೆಸಿ ಮಾರುವ ಪೊಟ್ಟಣಗಳು ಬಿಸಿಗಾಳಿ ಯಂತ್ರಕ್ಕೆ ಸಲ್ಲುವುದಿಲ್ಲ. ಎಣ್ಣೆ ಕರಗಿ ಕಿಂಡಿಗಳ ಮೂಲಕ ಕಾಯಿಲ್‌ಗೆ ಇಳಿಯುತ್ತದೆ, ಹೊಗೆ ಏಳುತ್ತದೆ. ಈ ಯಂತ್ರಕ್ಕೆ ಬೇಕಾದುದು ಏನೂ ಸವರದ, ಒಣ, ಬರಿಯ ಕಾಳು ಮಾತ್ರ.

ಕಾಳನ್ನು ಗಾಳಿಯಾಡದ ಡಬ್ಬಿಯಲ್ಲಿ ಇಡಬೇಕು. ತೆರೆದಿಟ್ಟ ಕಾಳು ಬಯಲುಸೀಮೆಯ ಬೇಸಗೆಯಲ್ಲಿ ತೇವಾಂಶ ಕಳೆದುಕೊಂಡರೆ, ಕರಾವಳಿಯ ಮಳೆಗಾಲದಲ್ಲಿ ಹೆಚ್ಚು ತೇವ ಹೀರಿಕೊಳ್ಳುತ್ತದೆ. ಎರಡೂ ಬಿರಿಯುವಿಕೆಗೆ ಮಾರಕ. ಒಣಗಿದ ಕಾಳಿಗೆ ಮರುಜೀವ ಕೊಡುವ ಉಪಾಯವೂ ಇದೆ. ಮೂರು ಬಟ್ಟಲು ಕಾಳಿಗೆ ಒಂದು ದೊಡ್ಡ ಚಮಚ ನೀರು ಹಾಕಿ, ಡಬ್ಬಿ ಮುಚ್ಚಿ, ಆಗಾಗ ಕುಲುಕುತ್ತ ಎರಡು ಮೂರು ದಿನ ಬಿಟ್ಟರೆ ಕಾಳು ಮತ್ತೆ ಹದಕ್ಕೆ ಬರುತ್ತದೆ. ನೀರು ಪೂರ್ತಿ ಹೀರಿ, ಕಾಳಿನ ಮೇಲ್ಮೈ ಒಣಗಿದ ಮೇಲಷ್ಟೇ ಯಂತ್ರಕ್ಕೆ ಹಾಕಬೇಕು.

ಜೋಳದ ಅಳ್ಳನ್ನೂ ಇದರಲ್ಲೇ ಮಾಡಬಹುದೇ ಎಂಬ ಕುತೂಹಲ ಸಹಜ. ಬಿಳಿಜೋಳದ ಕಾಳು ಚಿಕ್ಕದು, ಹಗುರ. ಬಿರಿಯುವ ಮುನ್ನವೇ ಗಾಳಿಗೆ ತೂರಿಹೋಗುತ್ತದೆ. ಜಾಲರಿಯ ತಳವಿದ್ದರೆ ಒಳಗೆ ಸಿಕ್ಕಿಕೊಳ್ಳುವುದೂ ಉಂಟು. ಪಂಚಮಿಯ ಅಳ್ಳಿಗೆ ಬಾಣಲೆಯೇ ಗತಿ. ಅಂತೆಯೇ ಕೆಲವು ಹವ್ಯಾಸಿಗಳು ಈ ಯಂತ್ರದಲ್ಲಿ ಕಾಫಿ ಬೀಜ ಹುರಿಯುತ್ತಾರೆ. ಕೊಡಗು, ಚಿಕ್ಕಮಗಳೂರಿನ ಬೀಜ ಮನೆಯಲ್ಲೇ ಸಿಗುವ ನಾಡಿನಲ್ಲಿ ಇದು ಆಕರ್ಷಕವಾಗಿ ಕಂಡರೂ, ಕಾಫಿಯ ಹೊಟ್ಟು ಹತ್ತಿಕೊಳ್ಳುವ ಅಪಾಯವಿದೆ. ತಯಾರಕರು ಹೇಳದ ಕೆಲಸಕ್ಕೆ ಯಂತ್ರ ಬಳಸಿದರೆ ವಾರಂಟಿಯೂ ಕೈತಪ್ಪುತ್ತದೆ.

ಬಳಸುವ ಕ್ರಮ

ಅಳತೆಯ ಬಟ್ಟಲಿನಲ್ಲಿ ಸೂಚಿಸಿದಷ್ಟೇ ಕಾಳು ಹಾಕಬೇಕು. ಹೆಚ್ಚಾದರೆ ಕಾಳು ತಿರುಗದೆ ಸೀಯುತ್ತದೆ. ತೀರಾ ಕಡಿಮೆಯಾದರೆ ಬಿರಿಯದೆ ಹಾರುತ್ತದೆ. ಬಾಯಿಯ ಕೆಳಗೆ ಅಗಲವಾದ ಪಾತ್ರೆ ಇಟ್ಟು, ಮುಚ್ಚಳ ಹಾಕಿ, ನಂತರ ಸ್ವಿಚ್ ಒತ್ತಬೇಕು. ಬರಿದಾದ ಯಂತ್ರವನ್ನು ಓಡಿಸಬಾರದು. ಎರಡೂವರೆ ಮೂರು ನಿಮಿಷಗಳಲ್ಲಿ ಸಿಡಿಯುವ ಸದ್ದು ವಿರಳವಾಗುತ್ತದೆ. ಎರಡು ಸದ್ದುಗಳ ನಡುವೆ ಎರಡು ಮೂರು ಸೆಕೆಂಡುಗಳ ಅಂತರ ಬಂದೊಡನೆ ನಿಲ್ಲಿಸಬೇಕು. ಒಳಗುಳಿದ ಕಾಳು ಆ ಹೊತ್ತಿಗೆ ಕಾದ ಕೆಂಡ; ಪ್ಲಗ್ ತೆಗೆದು, ತಣಿದ ಮೇಲೆ ಬಗ್ಗಿಸಿ ಸುರಿಯಬೇಕು.

ಸಾಲುಸಾಲಾಗಿ ನಾಲ್ಕೈದು ಸರದಿ ಮಾಡುವವರು ನಡುವೆ ಹತ್ತು ನಿಮಿಷವಾದರೂ ಬಿಡುವು ಕೊಡಬೇಕು. ಬಿಡುವಿಲ್ಲದೆ ಓಡಿಸಿದರೆ ಥರ್ಮಲ್ ಫ್ಯೂಸ್ ಸುಟ್ಟು ಯಂತ್ರ ಶಾಶ್ವತವಾಗಿ ನಿಲ್ಲಬಹುದು. ಹುಟ್ಟುಹಬ್ಬದ ದಿನವೇ ಯಂತ್ರ ಕೆಟ್ಟಿತು ಎಂಬ ದೂರಿನ ಹಿಂದೆ ಈ ಕಾರಣ ಇರಬಹುದು. ಯಂತ್ರದ ದೇಹವನ್ನು ನೀರಿನಲ್ಲಿ ಅದ್ದುವಂತಿಲ್ಲ. ಒಣಬಟ್ಟೆಯಿಂದ ಒರೆಸಿ, ಮುಚ್ಚಳ ಹಾಗೂ ಬಟ್ಟಲನ್ನು ಮಾತ್ರ ತೊಳೆಯಬೇಕು.

ಹೊಸ ಯಂತ್ರವನ್ನು ಪರೀಕ್ಷಿಸುವ ಸರಳ ವಿಧಾನ ಹೀಗಿದೆ: 50 ಗ್ರಾಂನಲ್ಲಿ ಅಂದಾಜು 300ಕ್ಕಿಂತ ತುಸು ಹೆಚ್ಚು ಕಾಳುಗಳಿರುತ್ತವೆ. ಸರದಿ ಮುಗಿದ ಮೇಲೆ ಬಿರಿಯದವುಗಳನ್ನು ಎಣಿಸಬೇಕು. ಮೂವತ್ತರೊಳಗಿದ್ದರೆ ಯಂತ್ರ ಚೆನ್ನಾಗಿದೆ ಎಂದರ್ಥ. ಬಹಳ ಹೆಚ್ಚಿದ್ದರೆ ಅದೇ ಕಾಳನ್ನು ಕುಕ್ಕರ್‌ನಲ್ಲಿ ಹುರಿದು ನೋಡಬೇಕು. ಅಲ್ಲಿಯೂ ಬಿರಿಯದಿದ್ದರೆ ದೋಷ ಕಾಳಿನದು. ಅಲ್ಲಿ ಬಿರಿದರೆ ಯಂತ್ರದ್ದು. ಹಿಂದಿರುಗಿಸುವ ಗಡುವು ಮುಗಿಯುವ ಮೊದಲೇ ಈ ಪರೀಕ್ಷೆ ನಡೆಯಬೇಕು.

ರುಚಿಯ ಮಾತು

ಬಿಸಿಗಾಳಿಯ ಪಾಪ್‌ಕಾರ್ನ್ ಒಣಗಿರುತ್ತದೆ. ಎಣ್ಣೆಯ ಪಸೆ ಇಲ್ಲದ್ದರಿಂದ ಉಪ್ಪು ಅಂಟುವುದಿಲ್ಲ ಎಂಬುದು ಇದರ ಮುಖ್ಯ ಕೊರತೆ. ಉಪ್ಪನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, ಪಾಪ್‌ಕಾರ್ನ್ ಬಿಸಿಯಿರುವಾಗಲೇ ಉದುರಿಸಿದರೆ ಸ್ವಲ್ಪ ಮಟ್ಟಿಗೆ ಹಿಡಿಯುತ್ತದೆ. ಮಂಡಕ್ಕಿ ಒಗ್ಗರಣೆಯ ದಾರಿ ಇನ್ನೂ ಉತ್ತಮ. ಅಗಲವಾದ ಬಾಣಲೆಯಲ್ಲಿ ಒಂದು ಚಮಚ ಎಣ್ಣೆ, ಸಾಸಿವೆ, ಕರಿಬೇವು, ಚಿಟಿಕೆ ಅರಿಸಿನ ಹಾಕಿ, ಒಲೆ ಆರಿಸಿ, ಪಾಪ್‌ಕಾರ್ನ್ ಹಾಗೂ ಚಟ್ನಿಪುಡಿ ಬೆರೆಸಿ ಕೈಯಾಡಿಸಿದರಾಯಿತು. ಉಪ್ಪು, ಎಣ್ಣೆ, ಬೆಣ್ಣೆ, ಸಕ್ಕರೆ ಯಾವುದನ್ನೂ ಯಂತ್ರದ ಕೊಳವೆಯೊಳಗೆ ಮಾತ್ರ ಹಾಕಕೂಡದು.

ಆರೋಗ್ಯದ ಲೆಕ್ಕ

ಪಾಪ್‌ಕಾರ್ನ್ ಇಡಿಯ ಧಾನ್ಯ. ಎಣ್ಣೆಯಿಲ್ಲದೆ ಮಾಡಿದ 100 ಗ್ರಾಂ ಪಾಪ್‌ಕಾರ್ನ್‌ನಲ್ಲಿ ಸುಮಾರು 387 ಕಿಲೋ ಕ್ಯಾಲರಿ ಶಕ್ತಿ, 13 ಗ್ರಾಂ ಸಸಾರಜನಕ, 14.5 ಗ್ರಾಂ ನಾರಿನಂಶ ಇದೆ. ನೂರು ಗ್ರಾಂ ಎಂದರೆ ದೊಡ್ಡ ರಾಶಿ. ಒಬ್ಬರು ತಿನ್ನುವ 25 ಗ್ರಾಂಗೆ ನೂರು ಕ್ಯಾಲರಿಯೂ ಆಗದು. ಎಣ್ಣೆಯಲ್ಲಿ ಹುರಿದರೆ ಈ ಪ್ರಮಾಣ ಗಣನೀಯವಾಗಿ ಏರುತ್ತದೆ. ಆದರೆ ಇದರ ಬಹುಭಾಗ ಪಿಷ್ಟವೇ ಆದ್ದರಿಂದ ಮಧುಮೇಹಿಗಳು ಮಿತಿಯರಿತು ತಿನ್ನುವುದು ಯುಕ್ತ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಣ್ಣೆ ಉಳಿಸಿ ಉಪ್ಪು ಸುರಿದರೆ ಪ್ರಯೋಜನವಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಮಾತು ಪುಟ್ಟ ಮಕ್ಕಳದು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಪಾಪ್‌ಕಾರ್ನ್ ಕೊಡಲೇಬಾರದು ಎಂದು ಮಕ್ಕಳ ತಜ್ಞರು ಎಚ್ಚರಿಸುತ್ತಾರೆ. ಹಗುರವಾದ ಚೂರು ಉಸಿರಿನೊಂದಿಗೆ ಶ್ವಾಸನಾಳಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ. ಮನೆಯವರೆಲ್ಲ ತಿನ್ನುವಾಗ ಮಗುವಿನ ಕೈಗೂ ಒಂದು ಹೂವು ಇಡುವ ಅಕ್ಕರೆ ಇಲ್ಲಿ ಸಲ್ಲದು. ಹಿರಿಯರು ತಳದಲ್ಲಿ ಉಳಿದ ಬಿರಿಯದ ಕಾಳನ್ನು ಕಡಿಯಲು ಹೋಗಿ ಹಲ್ಲು ಮುರಿದುಕೊಳ್ಳದಂತೆಯೂ ನೋಡಿಕೊಳ್ಳಬೇಕು.

ಹಣದ ಲೆಕ್ಕ

1,200 ವ್ಯಾಟ್‌ನ ಯಂತ್ರ ಮೂರು ನಿಮಿಷ ಓಡಿದರೆ ಖರ್ಚಾಗುವ ವಿದ್ಯುತ್ 0.06 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಎಂದರೂ ಐವತ್ತು ಪೈಸೆ ಮೀರದು. ಕಿಲೋಗೆ 200 ರೂಪಾಯಿ ದರದಲ್ಲಿ 50 ಗ್ರಾಂ ಕಾಳಿಗೆ 10 ರೂಪಾಯಿ. ಒಗ್ಗರಣೆಯ ಖರ್ಚು ಸೇರಿಸಿದರೆ ಒಂದು ಸರದಿಗೆ 12–13 ರೂಪಾಯಿ. ಹೊರಗಿನಿಂದ ತರುವುದಕ್ಕೆ ಹೋಲಿಸಿದರೆ ಪ್ರತಿ ಸಲ 30 ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಂಡರೆ 1,500 ರೂಪಾಯಿಯ ಯಂತ್ರ ತನ್ನ ಬೆಲೆ ಮರಳಿಸಲು 50 ಸರದಿ ಬೇಕು. ವಾರಕ್ಕೊಮ್ಮೆ ಬಳಸುವ ಮನೆಯಲ್ಲಿ ಅದು ಒಂದು ವರ್ಷದ ಮಾತು. ತಿಂಗಳಿಗೊಮ್ಮೆ ಬಳಸುವವರಿಗೆ ನಾಲ್ಕು ವರ್ಷ ಮೀರುತ್ತದೆ. ಅಗ್ಗದ ಯಂತ್ರ ಅಷ್ಟು ಕಾಲ ಬಾಳೀತೆಂಬ ಭರವಸೆ ಇಲ್ಲ.

ಇನ್ನೊಂದು ಸತ್ಯವನ್ನೂ ಹೇಳಲೇಬೇಕು. ಮನೆಯಲ್ಲಿ ದಪ್ಪ ತಳದ ಪಾತ್ರೆ, ಮುಚ್ಚಳ ಮತ್ತು ಒಂದು ಚಮಚ ಎಣ್ಣೆ ಇದ್ದರೆ ಪಾಪ್‌ಕಾರ್ನ್ ಮಾಡಲು ಯಂತ್ರವೇ ಬೇಕಿಲ್ಲ. ಒಲೆಯ ಮೇಲೆ ಮಾಡುವುದಕ್ಕೆ ಹೋಲಿಸಿದರೆ ಈ ಯಂತ್ರದಿಂದ ಹಣ ಉಳಿಯುವುದಿಲ್ಲ. ಉಳಿಯುವುದು ಎಣ್ಣೆ, ಪಾತ್ರೆ ಕುಲುಕುವ ಶ್ರಮ ಮತ್ತು ಸೀದ ತಳ ಉಜ್ಜುವ ಕೆಲಸ. ಆ ಅನುಕೂಲಕ್ಕೆ ಒಂದೂವರೆ ಸಾವಿರ ಕೊಡಬಹುದೇ ಎಂಬುದೇ ನಿಜವಾದ ಪ್ರಶ್ನೆ.

ಯಾರಿಗೆ ಬೇಕು, ಯಾರಿಗೆ ಬೇಡ?

ವಾರಕ್ಕೊಮ್ಮೆಯಾದರೂ ಪಾಪ್‌ಕಾರ್ನ್ ತಿನ್ನುವ ಕುಟುಂಬ, ವೈದ್ಯರ ಸಲಹೆಯಂತೆ ಎಣ್ಣೆ ಕಡಿಮೆ ಮಾಡಬೇಕಾದವರು, ಶಾಲೆಯಿಂದ ಮರಳುವ ಮಕ್ಕಳಿಗೆ ದಿಢೀರ್ ತಿಂಡಿ ಒದಗಿಸಬೇಕಾದ ಉದ್ಯೋಗಸ್ಥ ದಂಪತಿ ಇವರಿಗೆ ಇದು ಉಪಯುಕ್ತ. ವರ್ಷಕ್ಕೆ ನಾಲ್ಕಾರು ಬಾರಿ ಮಾಡುವವರಿಗೆ, ಅಡುಗೆಕಟ್ಟೆ ಇಕ್ಕಟ್ಟಾಗಿರುವವರಿಗೆ, ಬೆಣ್ಣೆಯ ಘಮಲಿಲ್ಲದೆ ರುಚಿಸದವರಿಗೆ ಕುಕ್ಕರ್ ಸಾಕು.

ಖರೀದಿಗೆ ಮುನ್ನ ನೆನಪಿಡಿ

* ಗಾಳಿಯ ಕಿಂಡಿ ಪಕ್ಕದ ಗೋಡೆಯಲ್ಲಿ ಓರೆಯಾಗಿರಲಿ.
* 230 ವೋಲ್ಟ್ ಎಂದು ಯಂತ್ರದ ತಳದಲ್ಲೇ ನಮೂದಾಗಿರಲಿ.
* ಥರ್ಮೋಸ್ಟಾಟ್, ಥರ್ಮಲ್ ಫ್ಯೂಸ್ ಮತ್ತು ಪ್ರತ್ಯೇಕ ಸ್ವಿಚ್ ಇರಲಿ.
* ಐಎಸ್‌ಐ ಪರವಾನಗಿ ಸಂಖ್ಯೆ ತಾಳೆ ನೋಡಿ.
* ತಯಾರಕರ ಅಥವಾ ಆಮದುದಾರರ ಪೂರ್ಣ ವಿಳಾಸ ಓದಿ, ರಸೀದಿ ಕಾದಿಡಿ.
* ಬಂದ ದಿನವೇ ಕಾಳೆಣಿಸುವ ಪರೀಕ್ಷೆ ಮಾಡಿ.

ಈ ಆರು ಅಂಶಗಳಲ್ಲಿ ಒಂದಕ್ಕೂ ಚ್ಯುತಿ ಬಾರದ ಯಂತ್ರ ಒಂದೂವರೆ ಸಾವಿರ ರೂಪಾಯಿಯೊಳಗೆ ದೊರೆತರೆ ಅದಕ್ಕಿಂತ ದುಬಾರಿಯದರ ಬೆನ್ನು ಹತ್ತಬೇಕಾಗಿಲ್ಲ. ಒಂದೇ ಒಂದಕ್ಕೆ ಚ್ಯುತಿ ಬಂದರೂ ಎಷ್ಟೇ ಅಗ್ಗವಾಗಿರಲಿ ಅದನ್ನು ಮನೆಗೆ ತರಬೇಕಾಗಿಲ್ಲ.